ಇಡ್ಲಿ ಹಿಟ್ಟಿಗೊಂದು ಪುಸ್ತಕ ಖರೀದಿ ಸಮಿತಿ

ಮೈಕ್ರೋಕಂಟ್ರೋಲರ್ ಕಲಿಯುವುದೇನು ಮಹಾ ಬ್ರಹ್ಮವಿದ್ಯೆ ಎಂದು ನನಗೆ ಅನ್ನಿಸಿದ್ದು ಡಿಸೆಂಬರಿನ ಒಂದು ಭಾನುವಾರ, ಇಂದಿರಾಪುರಂನ ನಮ್ಮ ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ. ದೆಹಲಿಯ ಚಳಿಗಾಲದ ಬಿಸಿಲಿನಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತ ಗಂಡಸಿಗೆ ಈ ಜಗತ್ತಿನಲ್ಲಿ ಅಸಾಧ್ಯವಾದದ್ದು ಯಾವುದೂ ಕಾಣುವುದಿಲ್ಲ. ನನಗೂ ಕಾಣಲಿಲ್ಲ.

ಕಷ್ಟ ಬಂದಿದ್ದು ಇಡ್ಲಿ ಹಿಟ್ಟಿಗೆ. ಇಲ್ಲಿಯ ಚಳಿಯಲ್ಲಿ ಹಿಟ್ಟು ಹುದುಗು ಬರುವುದಿಲ್ಲ. ರುಬ್ಬಿಟ್ಟದ್ದು ರುಬ್ಬಿಟ್ಟ ಹಾಗೇ, ಬೆಳಿಗ್ಗೆ ಎದ್ದು ನೋಡಿದರೆ ಪಾತ್ರೆಯ ತಳದಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿರುತ್ತದೆ. ನಾಲ್ಕು ಜನಕ್ಕಾದರೆ ನನ್ನ ಹೆಂಡತಿ ಶಾಲಿನಿ ಓವನ್ನಿನೊಳಗೆ ಇಟ್ಟು, ಅದರ ದೀಪ ಹಾಕಿಟ್ಟು ಹೇಗೋ ಉಬ್ಬಿಸುತ್ತಾಳೆ. ಆದರೆ ಸಂಕ್ರಾಂತಿಯ ದಿನ ನಮ್ಮ ಕನ್ನಡ ಬಳಗದ ಅರವತ್ತು ಜನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹಾಲ್‌ನಲ್ಲಿ ಸೇರುತ್ತಾರೆ. ಹೋದ ವರ್ಷ ಇಡ್ಲಿಯ ಜವಾಬ್ದಾರಿ ಶಾಲಿನಿಯದಾಗಿತ್ತು. ಆ ದೊಡ್ಡ ಪಾತ್ರೆ ಓವನ್ನಿನಲ್ಲಿ ಹಿಡಿಸಲಿಲ್ಲ, ಹಿಟ್ಟು ಉಬ್ಬಲಿಲ್ಲ, ಇಡ್ಲಿ ಇಟ್ಟಿಗೆಯಾಯಿತು! ಹೌಜ್ ಖಾಸ್‌ನಿಂದ ಬಂದಿದ್ದ ನಿವೃತ್ತ ಪ್ರೊಫೆಸರ್ ಕುಲಕರ್ಣಿಯವರು ಕಚ್ಚಿ ಒಂದು ಹಲ್ಲು ಅಲುಗಾಡಿಸಿಕೊಂಡರು. ಪಾಪ, ದೊಡ್ಡ ಮನುಷ್ಯರು, ಏನೂ ಅನ್ನಲಿಲ್ಲ. ಅನ್ನುವ ಕೆಲಸವನ್ನು ಸಿ ಟವರಿನ ಸರೋಜಮ್ಮ ವಹಿಸಿಕೊಂಡರು. "ಶಾಲಿನಿ, ಮುಂದಿನ ವರ್ಷ ನೀನು ಉಪ್ಪಿಟ್ಟು ಮಾಡಿಬಿಡಮ್ಮ" ಎಂದರು, ಎಲ್ಲರ ಎದುರಿಗೆ.

ಅವತ್ತು ಮನೆಗೆ ಬಂದು ಅತ್ತಳು ನನ್ನ ಹೆಂಡತಿ. ಈ ವರ್ಷ ಹಟ ಹಿಡಿದು ಮತ್ತೆ ಇಡ್ಲಿಯನ್ನೇ ಒಪ್ಪಿಕೊಂಡು ಬಂದಳು.

"ಪ್ಯಾಕೆಟ್ ಹಿಟ್ಟು ತಂದುಬಿಡೋಣ" ಎಂದೆ.

"ಸರೋಜಮ್ಮ ವಾಸನೇಲೇ ಕಂಡುಹಿಡೀತಾರೆ ರೀ. ಈ ಸಲವೂ ಕೆಟ್ಟರೆ ನಾನು ಬಳಗಕ್ಕೆ ಕಾಲಿಡಲ್ಲ."

ಆಗ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ನಾನು ಎದ್ದು ನಿಂತೆ. "ಯೋಚನೆ ಬಿಡು. ನಾನೊಂದು ಯಂತ್ರ ಮಾಡ್ತೀನಿ. ದೊಡ್ಡ ಡಬ್ಬ, ಒಳಗೆ ಬಲ್ಬು. ತಣ್ಣಗಾದ್ರೆ ತಾನೇ ಹತ್ತತ್ತೆ, ಬಿಸಿಯಾದ್ರೆ ತಾನೇ ಆರತ್ತೆ. ಅದನ್ನ ನೋಡ್ಕೊಳ್ಳೋದು ಮೈಕ್ರೋಕಂಟ್ರೋಲರ್. ಉಗುರಿನಷ್ಟು ಕಂಪ್ಯೂಟರ್ ಅಂದ್ಕೋ."

"ನಿಮಗೆ ಅದು ಬರುತ್ತಾ?"

"ಪುಸ್ತಕ ಓದಿ ಕಲೀತೀನಿ. ಇನ್ನೂ ನಾಲ್ಕು ವಾರ ಇದೆಯಲ್ಲ!"

ಗೀಸರಿನ ಸ್ವಿಚ್ಚು ಯಾವುದು, ಫ್ಯಾನಿನ ಸ್ವಿಚ್ಚು ಯಾವುದು ಎಂದು ಹತ್ತು ವರ್ಷದಿಂದ ಕೇಳುತ್ತಿರುವ ಗಂಡನನ್ನು ಶಾಲಿನಿ ಮೇಲಿಂದ ಕೆಳಗೆ ನೋಡಿದಳು. ಆದರೆ ಮುಳುಗುತ್ತಿರುವವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. "ಸರಿ, ನಿಮ್ಮನ್ನೇ ನಂಬಿದ್ದೀನಿ" ಎಂದುಬಿಟ್ಟಳು.

ಇಲ್ಲಿ ನನ್ನ ವೃತ್ತಿಯ ವಿಷಯ ಹೇಳಬೇಕು. ನಾನು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಇಪ್ಪತ್ತೆರಡು ವರ್ಷದಿಂದ ಫೈಲು ನೋಡುತ್ತಿದ್ದೇನೆ. ಫೈಲಿಲ್ಲದೆ ಒಂದು ಪೆನ್ಸಿಲ್ಲನ್ನೂ ಕೊಳ್ಳದ ಕೈ ಇದು. ಅಂಥವನು ಅಂಗಡಿಗೆ ಹೋಗಿ ಕಂಡ ಪುಸ್ತಕ ಎತ್ತಿಕೊಂಡು ಬರುವುದುಂಟೆ? ಅಂದು ಸಂಜೆಯೇ ಒಂದು ಹೊಸ ಫೈಲು ತೆರೆದು ಮೇಲೆ ಬರೆದೆ: 'ವಿಷಯ: ಇಡ್ಲಿ ಹಿಟ್ಟಿನ ಉಬ್ಬುವಿಕೆಯ ಸಂಬಂಧ ಮೈಕ್ರೋಕಂಟ್ರೋಲರ್ ಕಲಿಕೆಗೆ ಸೂಕ್ತ ಪುಸ್ತಕಗಳ ಆಯ್ಕೆ.' ಊಟದ ಮೇಜಿನ ಮೇಲೆ ಸಮಿತಿ ರಚನೆಯಾಯಿತು. ಅಧ್ಯಕ್ಷ ನಾನು. ಸದಸ್ಯೆ ಶಾಲಿನಿ. ತಾಂತ್ರಿಕ ಸದಸ್ಯೆ ನಮ್ಮ ಮಗಳು ಅದಿತಿ, ಹನ್ನೊಂದನೇ ಕ್ಲಾಸು.

ಅದಿತಿ ಮೊಬೈಲಿನಿಂದ ತಲೆ ಎತ್ತದೆ ಅಂದಳು, "ಪಪ್ಪಾ, ಸಿಂಪಲ್ ಹೈ ನಾ! ಮೈಕ್ರೋಕಂಟ್ರೋಲರ್ ಇರೋ ಒಂದು ಬೋರ್ಡ್ ತಗೋ, ಒಂದು ವಿಡಿಯೋ ನೋಡು, ಹೋ ಗಯಾ. ಇಷ್ಟಕ್ಕೆ ಬುಕ್ಸ್ ಕ್ಯೂಂ?"

'ತಾಂತ್ರಿಕ ಸದಸ್ಯೆಯ ಅಭಿಪ್ರಾಯವನ್ನು ಗಮನಿಸಲಾಯಿತು' ಎಂದು ಬರೆದುಕೊಂಡೆ. ನಮ್ಮ ಕಚೇರಿಯಲ್ಲಿ ಗಮನಿಸಲಾಯಿತು ಎಂದರೆ, ಅದರಂತೆ ನಡೆಯುವುದಿಲ್ಲ ಎಂದರ್ಥ.

ಮೊದಲು ತಜ್ಞರ ಸಲಹೆ. ಮೆಟ್ರೋ ಹತ್ತಿ ಹೌಜ್ ಖಾಸ್‌ಗೆ ಹೋದೆ. ಕುಲಕರ್ಣಿ ಸಾರ್ ಧಾರವಾಡದವರು, ಎಂಜಿನಿಯರುಗಳಿಗೆ ಇದನ್ನೇ ಮೂವತ್ತು ವರ್ಷ ಪಾಠ ಹೇಳಿದವರು. ಇಡ್ಲಿ ಎಂಬ ಶಬ್ದ ಕೇಳಿದ ಕೂಡಲೇ ದವಡೆ ಮುಟ್ಟಿ ನೋಡಿಕೊಂಡರು. ಆಮೇಲೆ ಪೂರ್ತಿ ಕೇಳಿ ಹೇಳಿದರು, "ಛಲೋ ವಿಚಾರ ಅದ ಮೂರ್ತಿಯವರ. ಮೊದ್ಲ ಒಂದು ಸಣ್ಣ ಬೋರ್ಡ್ ತೊಗೋರಿ. ಆಮ್ಯಾಲೆ ಆ ಬೋರ್ಡಿಗೆ ತಕ್ಕ ಒಂದ ತೆಳು ಪುಸ್ತಕ. ಒಂದ, ತಿಳೀತಿಲ್ಲೋ? ಅಲ್ಲಿ ಕಪಾಟಿನ್ಯಾಗ ನೋಡ್ರಿ, ಆ ಸಾವಿರದ ಮುನ್ನೂರು ಪುಟದ್ದು, ಅದನ್ನ ಮಾತ್ರ ಈಗ ಮುಟ್ಟಬ್ಯಾಡ್ರಿ."

ಬರುವಾಗ ಅದರದೇ ಒಂದು ಪ್ರತಿ ಕೊಂಡುಕೊಂಡು ಬಂದೆ. ಪ್ರೊಫೆಸರರ ಕಪಾಟಿನಲ್ಲಿ ಇರುವುದು ಕೆಟ್ಟ ಪುಸ್ತಕ ಹೇಗಾದೀತು?

ಸೋಫಾದ ಮೇಲೆ ಕೂತು, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಪುಸ್ತಕ ಇಟ್ಟುಕೊಂಡು ತೆರೆದೆ. ಮುನ್ನುಡಿಯಲ್ಲೇ ಬರೆದಿತ್ತು: ಓದುಗರಿಗೆ ಸಿ ಎಂಬ ಕಂಪ್ಯೂಟರ್ ಭಾಷೆ ಗೊತ್ತಿದೆ ಎಂದು ಭಾವಿಸಲಾಗಿದೆ. ಭಾವಿಸಿದ್ದು ತಪ್ಪು! ಹೋಗಿ ಸಿ ಭಾಷೆಯ ಪುಸ್ತಕ ತಂದೆ. ಅದರ ಮುನ್ನುಡಿ ಓದುಗರಿಗೆ ಕಂಪ್ಯೂಟರಿನ ಒಳಗುಟ್ಟು ಗೊತ್ತಿದೆ ಎಂದು ಭಾವಿಸಿತ್ತು. ಅದಕ್ಕೊಂದು ಪುಸ್ತಕ ಬಂತು. ಅದು ಡಿಜಿಟಲ್ ಎಲೆಕ್ಟ್ರಾನಿಕ್ಸ್ ಗೊತ್ತಿದೆ ಎಂದಿತು, ಅದರ ಪುಸ್ತಕ ವಿದ್ಯುತ್ತಿನ ಮೂಲ ನಿಯಮಗಳು ಗೊತ್ತಿವೆ ಎಂದಿತು. ಹೀಗೆ ಹಿಂದೆ ಹಿಂದೆ ಸರಿಯುತ್ತ ಹತ್ತು ದಿನದಲ್ಲಿ ನಾನು ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕಕ್ಕೆ ಬಂದು ನಿಂತೆ. ಅದೃಷ್ಟಕ್ಕೆ ಅದು ಅದಿತಿಯ ಹಳೆಯದಿತ್ತು.

"ಪಪ್ಪಾ, ಎಲ್ಲಿವರೆಗೆ ಬಂತು?" ಎಂದು ಕೇಳಿದಳು.

"ಬಲ್ಬು ಯಾಕೆ ಉರಿಯುತ್ತೆ ಅನ್ನೋದರ ತನಕ."

"ಓ ಗಾಡ್" ಎಂದು ಒಳಗೆ ಹೋದಳು.

ಆಯ್ಕೆ ಪಾರದರ್ಶಕವಾಗಿರಬೇಕು ಎಂದು ಇನ್ನಷ್ಟು ಪುಸ್ತಕ ಬೇಕೆನಿಸಿತು. ಭಾನುವಾರ ದರಿಯಾಗಂಜ್ ಕಡೆಯ ಹಳೇ ಪುಸ್ತಕದ ಬಜಾರಿಗೆ ಹೋದೆ. "ಭಯ್ಯಾ, ಮೈಕ್ರೋಕಂಟ್ರೋಲರ್?" ಎಂದು ಕೇಳಿದೆ. ಅವನು ಚಹಾ ಕುಡಿಯುತ್ತಲೇ ಒಂದು ಗುಡ್ಡದ ಕಡೆಗೆ ಕೈ ತೋರಿಸಿ, "ಸಾಬ್, ಯೇ ಪೂರಾ ಢೇರ್ ಉಸೀ ಕಾ ಹೈ. ತೌಲ್ ದೂಂ?" ಎಂದ. ತೂಕ ಹಾಕಿ ಕೊಡಲೇ ಎಂದು ಕೇಳುತ್ತಿದ್ದಾನೆ! ಜ್ಞಾನವನ್ನು ತಕ್ಕಡಿಯಲ್ಲಿಡುವ ಅವಕಾಶ ಮತ್ತೆ ಸಿಗುತ್ತದೆಯೇ? ಆಟೋ ತುಂಬ ತಂದೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಮೂರು ಪುಸ್ತಕ ಈಗ ಎಲ್ಲೂ ಸಿಗದ ಚಿಪ್‌ಗಳದ್ದು, ಒಂದು ಹಳೇ ಟಿವಿ ರಿಪೇರಿಯದ್ದು, ಇನ್ನೊಂದು ಯಾವ ಭಾಷೆಯದ್ದೆಂದು ಇವತ್ತಿಗೂ ತಿಳಿದಿಲ್ಲ. ಮುಂಚಿನವೂ ಸೇರಿ ಒಟ್ಟು ಹದಿನೇಳು ಪುಸ್ತಕ.

ಹದಿನೇಳಕ್ಕೂ ಸೇರಿಸಿ ಒಂದು ತುಲನಾತ್ಮಕ ಪಟ್ಟಿ ಮಾಡಿದೆ. ಸ್ಕೇಲಿಟ್ಟು ಗೆರೆ ಎಳೆದೆ. ಪುಟಗಳೆಷ್ಟು, ಚಿತ್ರಗಳೆಷ್ಟು, ಅಕ್ಷರ ದಪ್ಪವೋ ಸಣ್ಣವೋ, ಎಲ್ಲಕ್ಕೂ ಒಂದೊಂದು ಕಾಲಂ. ಅದೇನೋ ನೋಡಿ, ಬಹಳ ಚೆನ್ನಾಗಿ ಬಂತು. ಕಚೇರಿಯಲ್ಲಿ ತೋರಿಸಿದರೆ ಡೈರೆಕ್ಟರ್ ಸಾಹೇಬರೂ ಮೆಚ್ಚಿಕೊಂಡರು.

ಮನೆಯಲ್ಲಿ ಮೆಚ್ಚಲಿಲ್ಲ. "ರೀ, ಇನ್ನು ಹತ್ತೇ ದಿನ. ಡಬ್ಬ ಎಲ್ಲಿ?"

"ಪುಸ್ತಕದ ಆಯ್ಕೆಯೇ ಅಂತಿಮವಾಗಿಲ್ಲ ಶಾಲೂ. ಅದಕ್ಕೂ ಮುಂಚೆ ಬೋರ್ಡು ತರೋದು ನಿಯಮಕ್ಕೆ ವಿರುದ್ಧ."

"ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ! ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಓವನ್ನಿನಲ್ಲೇ ದಿನಕ್ಕಿಷ್ಟು ಅಂತ ನಾಲ್ಕು ಕಂತಿನಲ್ಲಿ ಉಬ್ಬಿಸಿ ಫ್ರಿಜ್ಜಿನಲ್ಲಿ ಇಟ್ಕೋತೀನಿ."

ನೋಡಿ, ಅವಳ ಹತ್ತಿರ ಒಂದು ದಾರಿ ಇತ್ತು. ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಕಥೆ ಮರ್ಯಾದೆಯಾಗಿ ಮುಗಿಯುತ್ತಿತ್ತು. ಆದರೆ ಅವತ್ತೇ ನನಗೆ ಓದಿದ್ದನ್ನು ಪ್ರಯೋಗಿಸಿ ನೋಡುವ ಹುಮ್ಮಸ್ಸು ಬಂತು. ಓವನ್ನಿನ ದೀಪ ಎಷ್ಟು ಕಾವು ಕೊಡುತ್ತದೆ ಎಂದು ತಿಳಿಯಲು ಅದನ್ನು ಬಿಚ್ಚಿದೆ. ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಉಳಿದದ್ದನ್ನು ಇಕ್ಕಳದಿಂದ ಎಳೆದು, ಸರಿಯಾಯಿತೇ ನೋಡೋಣ ಎಂದು ಸ್ವಿಚ್ ಹಾಕಿದೆ. ಢಬ್! ಹದಿನಾಲ್ಕನೇ ಮಹಡಿ ಪೂರ್ತಿ ಕತ್ತಲು. ಕರೆಂಟು ಅರ್ಧ ಗಂಟೆಯಲ್ಲಿ ಬಂತು. ಓವನ್ ಬರಲಿಲ್ಲ.

ಶಾಲಿನಿ ಓವನ್ನಿನ ಬಾಗಿಲು ಮುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹೋದ ವರ್ಷ ಸರೋಜಮ್ಮ ಅಳಿಸಿದ್ದರು, ಈ ವರ್ಷ ನಾನೇ ಅಳಿಸಿದೆನಲ್ಲ ಎಂದು ನಾಚಿಕೆಯಾಯಿತು.

ತುರ್ತು ಸಭೆ ಕರೆಯದೆ, ಯಾರ ಸಹಿಯೂ ಇಲ್ಲದೆ, ಜೀವನದಲ್ಲಿ ಮೊದಲ ಬಾರಿಗೆ ನಿಯಮ ಮುರಿದು ಒಂದು ಬೋರ್ಡು ಆರ್ಡರ್ ಮಾಡಿದೆ. ಆದರೂ ಹಳೇ ಚಟ ಬಿಡುತ್ತದೆಯೇ? ಮೂರು ಕಡೆ ಬೆಲೆ ನೋಡಿ ಎಲ್ಲಕ್ಕಿಂತ ಕಡಿಮೆಯದನ್ನೇ ಆರಿಸಿದೆ. ಮಂಜಿನ ದೆಸೆಯಿಂದ ತಡವಾಗಿ ಅದು ಬಂದದ್ದು ಸಂಕ್ರಾಂತಿಯ ಹಿಂದಿನ ದಿನ ಮಧ್ಯಾಹ್ನ. ಬಿಸ್ಕತ್ತಿನಷ್ಟು ಹಸಿರು ತುಂಡು. ಹದಿನೇಳು ಪುಸ್ತಕಗಳನ್ನೂ ನೆಲದ ಮೇಲೆ ಹರವಿ ಒಂದೊಂದರಲ್ಲೂ ಹುಡುಕಿದೆ. ಹದಿನೇಳರಲ್ಲಿ ಒಂದರಲ್ಲೂ ಆ ಬೋರ್ಡಿನ ಹೆಸರೇ ಇರಲಿಲ್ಲ!

"ಅದಿತಿ, ಆ ವಿಡಿಯೋ ಅಂದಿದ್ದೆಯಲ್ಲ..."

"ಪಪ್ಪಾ, ಸೆನ್ಸರ್ ಎಲ್ಲಿ? ವೈರ್? ಕೇಬಲ್? ಬಲ್ಬ್ ಆನ್ ಮಾಡೋಕೆ ರಿಲೇ ಚಾಹಿಯೇ. ನೀನು ಓನ್ಲಿ ಬೋರ್ಡ್ ತಂದಿದ್ದೀಯ. ನಾಳೆ ತಕ್ ಇಂಪಾಸಿಬಲ್."

ಅಡುಗೆಮನೆಯಲ್ಲಿ ಗ್ರೈಂಡರ್ ನಿಂತಿತು. ಶಾಲಿನಿ ಹಿಟ್ಟು ತುಂಬಿದ ದೊಡ್ಡ ಪಾತ್ರೆಯನ್ನು ನೋಡಿದಳು, ನೆಲದ ಮೇಲೆ ಪುಸ್ತಕಗಳ ನಡುವೆ ಕೂತಿದ್ದ ನನ್ನನ್ನು ನೋಡಿದಳು. ಆಮೇಲೆ ಪುಸ್ತಕಗಳನ್ನು ನೋಡಿದಳು, ತುಂಬ ಹೊತ್ತು.

"ರೀ, ವಾಷಿಂಗ್ ಮೆಷಿನ್ ಬಂದಿತ್ತಲ್ಲ, ಆ ರಟ್ಟಿನ ಪೆಟ್ಟಿಗೆ ಅಟ್ಟದಿಂದ ಇಳಿಸಿ."

ಇಳಿಸಿದೆ. ತಳಕ್ಕೆ ಹಳೇ ಕಂಬಳಿ, ಅದರ ಮೇಲೆ ಎರಡು ಬಿಸಿನೀರಿನ ರಬ್ಬರ್ ಚೀಲ, ಅದರ ಮೇಲೆ ಪಾತ್ರೆ. ಸುತ್ತಲೂ ಸಂದಿಲ್ಲದ ಹಾಗೆ ಪುಸ್ತಕ! ಗೋಡೆ ಕಟ್ಟುವ ಮೇಸ್ತ್ರಿಯ ಹಾಗೆ ಅವಳು ಕೈ ಚಾಚುತ್ತಿದ್ದಳು, ನಾನು ಕೊಡುತ್ತಿದ್ದೆ. "ಇದು ಬೇಡ, ತೆಳು. ಆ ದಪ್ಪಂದು ಕೊಡಿ." ಸಾವಿರದ ಮುನ್ನೂರು ಪುಟದ ಪುಸ್ತಕ ಪಾತ್ರೆಗೆ ಒತ್ತಿಕೊಂಡು ನಿಂತಿತು. ಮೇಲೆ ಇನ್ನೊಂದು ಕಂಬಳಿ. ಫೈಲು ಮಾತ್ರ ಉಳಿದಿತ್ತು. ಅದನ್ನೂ ಕಸಿದುಕೊಂಡು ಒಂದು ಸಂದಿಗೆ ತುರುಕಿದಳು.

ಬೆಳಿಗ್ಗೆ ಪೆಟ್ಟಿಗೆಯ ಮುಂದೆ ಮೂವರೂ ನಿಂತೆವು. ಶಾಲಿನಿ ಕಂಬಳಿ ತೆಗೆದಳು. ಹಿಟ್ಟು ಉಬ್ಬಿತ್ತು! ಉಬ್ಬಿ, ಮುಚ್ಚಳ ಎತ್ತಿ, ಅಂಚು ದಾಟಿ, ಪುಸ್ತಕಗಳ ಮೇಲೆಲ್ಲ ಹರಿದಿತ್ತು. ಶಾಲಿನಿ ಚಪ್ಪಾಳೆ ತಟ್ಟಿ ಸಣ್ಣ ಹುಡುಗಿಯ ಹಾಗೆ ನಕ್ಕಳು. ಆ ನಗು ನೋಡಿ ನನಗೆ ಪುಸ್ತಕ ಹಾಳಾದ ದುಃಖ ಒಂದಿಷ್ಟೂ ಆಗಲಿಲ್ಲ.

ಇಡ್ಲಿ ಮಲ್ಲಿಗೆ ಹೂವಿನಂತೆ ಬಂತು. ಸರೋಜಮ್ಮ ಮಾತಾಡದೆ ನಾಲ್ಕು ತಿಂದು, ಮಾತಾಡದೆ ಇನ್ನೆರಡು ಹಾಕಿಸಿಕೊಂಡರು. ಕುಲಕರ್ಣಿ ಸಾರ್ ಮೊದಲು ಚಮಚದಿಂದ ಕುಕ್ಕಿ ಪರೀಕ್ಷಿಸಿ, ಆಮೇಲೆ ಧೈರ್ಯವಾಗಿ ತಿಂದು, "ಶಾಬಾಶ್ ಮೂರ್ತಿಯವರ! ಯಂತ್ರ ಕೆಲಸಾ ಮಾಡೇದ. ನಡೀರಿ, ನೋಡೇಬಿಡೋಣ" ಎಂದು ಕೈ ಹಿಡಿದು ಎಬ್ಬಿಸಿದರು. ಎಷ್ಟು ಬೇಡವೆಂದರೂ ಕೇಳದೆ ಲಿಫ್ಟು ಹತ್ತಿ ಮನೆಗೇ ಬಂದುಬಿಟ್ಟರು.

ಬಾಲ್ಕನಿಯಲ್ಲಿ ಪುಸ್ತಕಗಳನ್ನು ಬಿಸಿಲಿಗೆ ಒಣಹಾಕಿದ್ದೆವು. ಸಾರ್ ನೇರವಾಗಿ ಆ ದಪ್ಪ ಪುಸ್ತಕದ ಹತ್ತಿರ ಹೋಗಿ ಪುಟ ತಿರುವತೊಡಗಿದರು. ಪುಟದ ಮೇಲೆ ಪುಟ, ಎಲ್ಲ ಕಡೆ ಬಿಳಿ ಬಿಳಿ ಕಲೆ. ಅವರ ಮುಖದಲ್ಲಿ ಗೌರವ ಮೂಡುತ್ತ ಹೋಯಿತು.

"ಏನ್ರೀ ಇದು! ಊಟಾ ಮಾಡೋವಾಗೂ ಬಿಟ್ಟಿಲ್ಲಲ್ರೀ ಪುಸ್ತಕಾನ! ನನ್ನ ವಿದ್ಯಾರ್ಥಿಗಳೂ ಇಷ್ಟು ದೂರ ಬಂದವರಲ್ಲ. ನಾಲ್ಕು ವಾರದಾಗ ಮುನ್ನೂರನೇ ಪುಟದ ತನಕಾ ಹೋಗೀರಿ!"

ಬಾಗಿಲಲ್ಲಿ ಶಾಲಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಇಷ್ಟು ದೊಡ್ಡವರಿಗೆ ಸುಳ್ಳು ಹೇಳಲು ನನಗೆ ನಾಲಿಗೆ ಏಳಲಿಲ್ಲ.

"ಹೋಗಿದ್ದು ನಾನಲ್ಲ ಸಾರ್, ಹಿಟ್ಟು" ಎಂದೆ. "ನಾನು ಇನ್ನೂ ಮುನ್ನುಡಿಯಲ್ಲೇ ಇದ್ದೀನಿ."