ಹಸಿರು ಬಳೆಯ ಚಲಾವಣೆ

ಹಣವನ್ನು ಆಳುವುದು ಸರ್ಕಾರದ ಕೆಲಸವೆಂದು ನಾನು ಬಹಳ ದಿನ ನಂಬಿದ್ದೆ. ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ಬೇರೇನು ನಂಬಿಯಾನು? ಆದರೆ ನಮ್ಮ ಓಣಿಯ ಹಣವನ್ನು ಆಳುತ್ತಿದ್ದವಳು ನನ್ನ ಹೆಂಡತಿ ಗುರವ್ವ. ಅಲ್ಲಿಯೂ ನಾನು ಗುಮಾಸ್ತನೇ.

ಯುದ್ಧ ನಡೆದಿತ್ತು. ನಿಜಾಮರ ರೂಪಾಯಿ ಇತ್ತು, ಚಿಲ್ಲರೆ ಮಾತ್ರ ಮಾಯವಾಗಿತ್ತು. ಮಜ್ಜಿಗೆ ಮಾರುತ್ತಿದ್ದ ಗುರವ್ವ, ಕಡೆಯುವಾಗ ಒಡೆದ ತನ್ನ ಹಸಿರು ಬಳೆಯ ಚೂರುಗಳನ್ನೇ ಚಿಲ್ಲರೆಯ ಬದಲು ಕೊಡತೊಡಗಿದಳು. ಚೂರು ತಂದವರಿಗೆ ಒಂದು ಚೆಂಬು ಮಜ್ಜಿಗೆ. ಮಸ್ಕಿಯ ಬಳೆಗಾರನಿಂದ ಕೊಂಡ ಆ ಚುಕ್ಕೆಬಳೆ ಓಣಿಯಲ್ಲಿ ಇನ್ನಾರ ಕೈಯಲ್ಲೂ ಇರಲಿಲ್ಲ, ಹಾಗಾಗಿ ಖೋಟಾ ನಾಣ್ಯದ ಭಯವಿಲ್ಲ. ಕೆಲವೇ ದಿನಗಳಲ್ಲಿ ಕಿರಾಣಿ ಅಂಗಡಿಯ ಸಂಗಪ್ಪನೂ ಅದನ್ನು ಹಣವೆಂದೇ ತೆಗೆದುಕೊಳ್ಳತೊಡಗಿದ. ಬಿಸಿಲೇರಿದಾಗ ಜನ ಬಚ್ಚಿಟ್ಟ ಚೂರುಗಳೆಲ್ಲ ಒಮ್ಮೆಲೇ ಬಾಗಿಲಿಗೆ ಬರುತ್ತಿದ್ದವು. ಎಮ್ಮೆ ಒಂದೇ. ಗುರವ್ವ ನೀರು ಹೊಯ್ಯುತ್ತಿದ್ದಳು.

ಪಕ್ಕದ ಮನೆಯ ಖಾಜಾಬಿ ಚೆಂಬಿನೊಳಗೆ ಇಣುಕಿ, "ಏನವ್ವಾ ಗುರವ್ವ, ಎಮ್ಮಿ ಬಾವ್ಯಾಗ ಬಿದ್ದಿತ್ತೇನು?" ಎನ್ನುತ್ತಿದ್ದಳು.

"ಚೂರು ಬಚ್ಚಿಟ್ಟವ್ರಿಗೆ ಹಿಂಗ ಆಗಬೇಕು. ಸುಮ್ನ ಕುಡೀ ಬೇ!"

ಒಂದು ಚಳಿಗಾಲದಲ್ಲಿ ಜ್ವರ ಬಂದು ಗುರವ್ವ ತೀರಿಕೊಂಡಳು. ಕೈಬಳೆಗಳು ಅವಳೊಂದಿಗೇ ಹೋದವು. ಉಳಿದದ್ದು ಓಣಿಯಲ್ಲಿ ಚದುರಿದ್ದ ಚೂರುಗಳು. ಅವೆಲ್ಲ ನನಗೆ ಬೇಕಾಗಿದ್ದವು, ಕೇಳಲು ನಾಚಿಕೆ. ಗಟ್ಟಿ ಮಜ್ಜಿಗೆ ಕಡೆದರೆ ಎಲ್ಲರೂ ಚೂರು ಹಿಡಿದು ಓಡಿಬರುತ್ತಾರೆಂದು ಎಣಿಸಿದೆ. ಆದರೆ ಚೂರಿನ ಬೆಲೆ ಏರಿತೆಂದು ಜನ ಅವನ್ನು ಗಂಟು ಕಟ್ಟಿ ಇಟ್ಟುಕೊಂಡರು. ನೀರು ಹೊಯ್ದು ನೋಡಿದೆ. ನೀರಿಗೆ ಯಾರು ಚೂರು ಕೊಡುತ್ತಾರೆ?

ಕೊನೆಗೆ ಖಾಜಾಬಿಯೇ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಚೂರನ್ನು ನನ್ನ ಅಂಗೈಯಲ್ಲಿಟ್ಟಳು. ಚೆಂಬು ತಂದಿರಲಿಲ್ಲ.

"ಮಜ್ಜಿಗಿ ಬ್ಯಾಡ ಅಣ್ಣಾ, ನೀವು ಕಡದದ್ದು ಕುಡಿಯಾಕ ಆಗಂಗಿಲ್ಲ. ಇದನ್ನ ಇಟ್ಕೋರಿ. ಬಾಯಿಬಿಟ್ಟು ಕೇಳಿದ್ರ ಎಲ್ಲಾರೂ ಕೊಡ್ತಿದ್ರಲ್ರೀ!"

ಮರುದಿನ ಸಂಗಪ್ಪನಲ್ಲಿ ಉಪ್ಪು ಕೊಂಡು ರೂಪಾಯಿ ಕೊಟ್ಟೆ.

"ಚಿಲ್ಲರ ಇಲ್ರೀ. ಗುರವ್ವಕ್ಕಾರ ಚೂರು ಇದ್ರ ಕೊಡ್ರಿ, ನಡೀತದ," ಎಂದ.

ಕೈ ಜೇಬಿಗೆ ಹೋಯಿತು. ಚೂರನ್ನು ಮುಟ್ಟಿ, ಖಾಲಿಯಾಗಿ ಹೊರಬಂತು. "ಇಲ್ಲಪ್ಪಾ. ಉಳಿದ ರೊಕ್ಕ ನಿನ್ನ ಕಡೀನ ಇರಲಿ," ಎಂದೆ.

ಒಂದು ಹಿಡಿ ಉಪ್ಪಿಗೆ ಇಡೀ ರೂಪಾಯಿ ಬಿಟ್ಟು ಬಂದೆ. ಗುರವ್ವ ಇದ್ದಿದ್ದರೆ ಅಂದು ನನ್ನ ಚೆಂಬಿಗೆ ಬರೀ ನೀರೇ ಬೀಳುತ್ತಿತ್ತು.