ಮಾಮಾನ ಕೂಲರ್ ಪರೀಕ್ಷೆ

ಇಂಜಿನಿಯರಿಂಗ್ ಸೀಟು ಹಂಚುವುದು ಸರ್ಕಾರ ಎಂದು ನೀವು ನಂಬಿದ್ದರೆ, ಪಾಪ, ನಿಮಗೆ ಸುರಪುರದ ರಂಗಂಪೇಟೆಯ ನಮ್ಮ ಮಾಮಾ ಗೊತ್ತಿಲ್ಲ! ನಮ್ಮ ಬಳಗದಲ್ಲಿ ಯಾರು ಇಂಜಿನಿಯರ್ ಆಗಬೇಕು, ಯಾರು ಆಗಬಾರದು ಎಂದು ತೀರ್ಮಾನಿಸುವವರು ಅವರೊಬ್ಬರೇ. ಅಮ್ಮನ ಅಣ್ಣ, ಬಟ್ಟೆ ಅಂಗಡಿಯ ಮಾಲೀಕರು. ಯಂತ್ರಗಳ ಜ್ಞಾನವೇ? ಮನೆಯ ಬಲ್ಬು ಹೋದರೆ ಹೊಸದು ಹಾಕಲು ಪಕ್ಕದ ಮನೆಯವರನ್ನು ಕರೆಯುತ್ತಾರೆ!

ಪಿಯುಸಿ ಮುಗಿಸಿದ ಮಕ್ಕಳೆಲ್ಲ ಬೇಸಿಗೆಯಲ್ಲಿ ಅವರ ಮುಂದೆ ಹಾಜರಾಗಬೇಕು. ಪರೀಕ್ಷೆ ಬಹಳ ಸರಳ. ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಏರ್ ಕೂಲರನ್ನು ಪೂರ್ತಿ ಬಿಚ್ಚಬೇಕು, ಮತ್ತೆ ಜೋಡಿಸಬೇಕು. ಸುರಪುರದ ಬಿಸಿಲು ಕಂಡವರಿಗೆ ಇದೆಂಥ ಸಾಹಸ ಎಂದು ಹೇಳಬೇಕಿಲ್ಲ.

"ನಿಮ್ಮ ಪರೀಕ್ಷಾಕ ನನ್ನ ಕೂಲರೇ ಬೇಕೇನ್ರಿ? ಅಂಗಡ್ಯಾಗಿನ ಫ್ಯಾನ್ ಬಿಚ್ಚಸ್ರಲ್ಲ!" ಎಂದು ಅತ್ತೆ ಪ್ರತಿವರ್ಷ ಜಗಳ ತೆಗೆಯುತ್ತಾರೆ.

"ಅಂಗಡ್ಯಾಗ ಗಿರಾಕಿ ಕೂಡ್ತಾರ. ಮನ್ಯಾಗ ನಾವಷ್ಟ ಅದೀವಲ್ಲ" ಎನ್ನುತ್ತಾರೆ ಮಾಮಾ. ಅತ್ತೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ.

ದೊಡ್ಡಮ್ಮನ ಮಗ ಪರೀಕ್ಷೆಗೆ ಕೂತಾಗ ಕೂಲರೇನೋ ನಡೆಯಿತು, ಆದರೆ ಚಾಪೆಯ ಮೇಲೆ ಒಂದು ಸ್ಕ್ರೂ ಉಳಿದುಬಿಟ್ಟಿತು.

"ಇದೇನಪ?"

"ಕಂಪನಿಯವರು ಒಂದು ಹೆಚ್ಚಿಗಿ ಹಾಕ್ಯಾರ, ಮಾಮಾ!"

ಅಷ್ಟಕ್ಕೇ ಬಿಟ್ಟನೇ? ಅದು ಹೇಗೆ ಹೆಚ್ಚು, ಯಾಕೆ ಹೆಚ್ಚು ಎಂದು ಚಹಾ ಆರುವತನಕ ವಾದಿಸಿದ. "ನೀ ಲಾ ಓದಪ" ಎಂದರು ಮಾಮಾ. ಈಗ ಶಹಾಪುರದಲ್ಲಿ ವಕೀಲನಾಗಿದ್ದಾನೆ. ಸ್ಕ್ರೂ ವಿಷಯ ಎತ್ತಿದರೆ ಇಂದಿಗೂ ಸೋಲುವುದಿಲ್ಲ.

ಚಿಕ್ಕಮ್ಮನ ಮಗಳು ಇನ್ನೂ ಜಾಣೆ. ಬಿಚ್ಚುವ ಮೊದಲು ಕೂಲರ್ ಹೇಗೆ ನಡೆಯುತ್ತದೆಂದು ನೋಡುತ್ತೇನೆ ಎಂದು ಅದರ ಮುಂದೆ ಕೂತವಳು, ತಂಗಾಳಿಗೆ ಹಾಯಾಗಿ ನಿದ್ದೆ ಹೋದಳು. "ಇಕಿ ಸರ್ಕಾರಿ ನೌಕರಿಗಿ ತಯಾರ್ ಅದಾಳ" ಎಂದು ತೀರ್ಪು ಬಂತು. ಯಾದಗಿರಿಯ ಒಂದು ಕಚೇರಿಯಲ್ಲಿ ಆಕೆ ಈಗ ನೌಕರಿ ಮಾಡುತ್ತಿದ್ದಾಳೆ. ಹೆಚ್ಚು ಹೇಳಿದರೆ ನನ್ನ ಮೇಲೆ ಸಿಟ್ಟಾದಾಳು!

ನಂತರ ನನ್ನ ಸರದಿ ಬಂತು. ನನಗೆ ಮೆಕ್ಯಾನಿಕಲ್ ಮೇಲೆ ಆಸೆ, ರ್‍ಯಾಂಕೂ ಬಂದಿತ್ತು. ಆದರೆ ಮನೆಗೆ ಬಂದವರೆಲ್ಲ ಒಂದೊಂದು ಮಾತು ಹೇಳಿ ಅಪ್ಪನ ತಲೆ ಕೆಡಿಸಿದ್ದರು. "ಹೆಣ್ಣ ಹುಡುಗಿಗಿ ಮಷೀನಿನ ಗೊಡವಿ ಯಾಕ್ರಿ?" ಎಂದು ಒಬ್ಬರು. "ಇಂಜಿನಿಯರು ಈಗ ಗಲ್ಲಿಗೊಬ್ಬ ಅದಾನ" ಎಂದು ಇನ್ನೊಬ್ಬರು. ಕಾಲೇಜಿನ ಆಯ್ಕೆ ತುಂಬಲು ಮರುದಿನವೇ ಕೊನೆ. ಅಪ್ಪ ಕೈಚೆಲ್ಲಿದರು: "ನಿಮ್ಮ ಮಾಮಾ ಹೂಂ ಅಂದ್ರ ಕಳಸ್ತೀನಿ. ಊಹೂಂ ಅಂದ್ರ ಇಲ್ಲೇ ಬಿ.ಎಸ್ಸಿ. ಮಾಡು."

ಮರುದಿನ ಬೆಳಿಗ್ಗೆಯೇ ಮಾಮಾನ ಮನೆಯಲ್ಲಿ ಕೂಲರ್ ಬಿಚ್ಚಲು ಕೂತೆ. ಎಲ್ಲ ಜೋಡಿಸಿದೆ, ಒಂದು ಸ್ಕ್ರೂ ಕೂಡ ಉಳಿಯಲಿಲ್ಲ! ಜಂಬದಿಂದ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ನೀರು ಮೇಲೇರಲಿಲ್ಲ. ಮತ್ತೆ ಬಿಚ್ಚಿ ಪಂಪು ತೆಗೆದು, ತೊಳೆದು, ಹಾಕಿದೆ. ಈಗ ಫ್ಯಾನೂ ನಿಂತಿತು.

ಅತ್ತೆ ಒದ್ದೆ ಬಟ್ಟೆ ತಲೆಗೆ ಹಾಕಿಕೊಂಡು ಬಂದು ನೋಡಿದರು. "ಮದಲ ನೀರಷ್ಟ ಬರ್ತಿದ್ದಿಲ್ಲ, ಈಗ ಗಾಳಿನೂ ಹೋತು! ಭಾಳ ಶಾಣ್ಯಾಕಿ ಅದಾಳ ಬಿಡ್ರಿ ನಿಮ್ಮ ಸೊಸಿ!"

ಊಟಕ್ಕೆ ಕರೆದರು, ಹೋಗಲಿಲ್ಲ. ಮತ್ತೆ ಕರೆದರು, ಕೇಳಿಸಲೇ ಇಲ್ಲ. ಅತ್ತೆ ತಾಟು ತಂದು ಪಕ್ಕದಲ್ಲೇ ಇಟ್ಟು ಹೋದರು. ಜೋಳದ ರೊಟ್ಟಿ ಆರಿ ಸೆಟೆದುಕೊಂಡಿತು. ಮಾಮಾ ಕುರ್ಚಿಯಲ್ಲಿ ಕೂತು, ಸೀರೆ ಡಬ್ಬಿಯ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ನನಗೆ ದುಃಖ ತಡೆಯಲಾಗಲಿಲ್ಲ. ಸ್ಕ್ರೂಡ್ರೈವರ್ ಎಸೆದು ಅತ್ತುಬಿಟ್ಟೆ.

"ಮಾಮಾ, ನನಗ ಬರಂಗಿಲ್ಲ. ನಾ ಫೇಲು."

"ಬರಂಗಿಲ್ಲ ಅಂತನ ಕಾಲೇಜಿಗಿ ಹೋಗೂದು, ಹುಚ್ಚಿ! ಬರ್ತಿದ್ರ ನಿನಗೊಂದು ಕೂಲರ್ ರಿಪೇರಿ ಅಂಗಡಿ ಹಾಕಿ ಕೊಡ್ತಿದ್ದೆ!"

ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ. ಕುರ್ಚಿ ಬಿಟ್ಟು, ಆ ಬಿಡಿಭಾಗಗಳ ನಡುವೆಯೇ ನೆಲಕ್ಕೆ ಕೂತರು. "ಅದೆಲ್ಲ ಹೋಗ್ಲಿ. ನಿನಗ ಬೇಕೇನವ್ವ ಇದು?"

ರ್‍ಯಾಂಕು ಕೇಳಿದವರಿದ್ದರು, ಹಾಸ್ಟೆಲ್ಲು ಕೇಳಿದವರಿದ್ದರು. ಈ ಮಾತನ್ನು ಯಾರೂ ಕೇಳಿರಲಿಲ್ಲ.

"ಬೇಕು ಮಾಮಾ. ಯಾಕ ನಿಂತದ ಅಂತ ತಿಳೀವಲ್ದು. ತಿಳಿಯೂತನ ಏಳಾಕ ಮನಸಿಲ್ಲ."

ಅವರು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದರು. "ಹುಡುಗಿ ಪಾಸೋ ಫೇಲೋ?" ಎಂದು ಅಪ್ಪ ಕೇಳಿದ್ದು ನನಗೂ ಕೇಳಿಸಿತು.

"ಕೂಲರ್ ಫೇಲಾಗ್ಯಾದ್ರಿ. ಹುಡುಗಿನ್ನ ಕಳಸ್ರಿ!"

ಫೋನ್ ಕೆಳಗಿಟ್ಟು ನಾನು ಎಸೆದ ಸ್ಕ್ರೂಡ್ರೈವರ್ ಎತ್ತಿ ನನ್ನ ಮುಂದಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ನಮ್ಮಪ್ಪ ಅಂಗಡ್ಯಾಗ ನನ್ನ ತಂದು ಕೂಡ್ಸಿದಾಗ, ಬೇಕೇನು ಅಂತ ಯಾರೂ ಕೇಳ್ಲಿಲ್ಲವ್ವ."

ನನ್ನ ಎರಡೂ ಕೈ ಗ್ರೀಸಿನಿಂದ ಕಪ್ಪಾಗಿದ್ದವು. ಮಾಮಾ ಆ ಆರಿದ ರೊಟ್ಟಿಯನ್ನು ಮುರಿದು, ಪಲ್ಯದಲ್ಲಿ ಅದ್ದಿ, ತಾವೇ ನನ್ನ ಬಾಯಿಗಿಟ್ಟರು.