ಹುಲ್ಲು ಉಚಿತ

ಮಹಡಿಯ ಮೇಲಿನ ಹುಲ್ಲನ್ನು ಒಂದೇ ಭಾನುವಾರದಲ್ಲಿ ಸಾಗಹಾಕುತ್ತೇನೆಂದು ಹೆಂಡತಿ ಸರಳಾಗೆ ಮಾತು ಕೊಟ್ಟಿದ್ದೆ. ವಿಜಯನಗರದಲ್ಲಿ ಆಗಿನ್ನೂ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಯಾವುದೋ ಮೈದಾನದಲ್ಲಿ ಕಿತ್ತುಹಾಕಿದ್ದ ಪ್ಲಾಸ್ಟಿಕ್ ಹುಲ್ಲುಹಾಸನ್ನು ತಂದು, ಮಹಡಿಗೆ ಹಾಸಿ, ಉದ್ಯಾನವನವೆಂದು ನಾನೇ ಉದ್ಘಾಟಿಸಿದ್ದೆ. ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ ಅದು ಎಳೆ ಎಳೆಯಾಗಿ ಉದುರಿ ಪಕ್ಕದ ಮನೆಯವರ ನೀರಿನ ಟ್ಯಾಂಕು ಸೇರತೊಡಗಿತು.

ಗುಜರಿಯವನು ಮೂಲೆ ಮಡಚಿ ನೋಡಿದ. “ಮೇಲೆ ಪ್ಲಾಸ್ಟಿಕ್ಕು, ಕೆಳಗೆ ರಬ್ಬರು, ಮಧ್ಯ ಗಮ್ಮು. ಬಿಡಿಸೋಕೇ ಆಗಲ್ಲ ಸಾರ್. ಕರಗಿಸೋರೂ ತಗೊಳಲ್ಲ.” ಹಾಸನ್ನು ಸುತ್ತಿ ಕೆಳಗಿಳಿಸಿದರೆ, ಕಸದ ಗಾಡಿಯವರು ಸುರುಳಿಯ ಗಾತ್ರ ನೋಡಿಯೇ ಮುಂದೆ ಹೋದರು.

“ಸುಟ್ಟುಬಿಡಲಾ?” ಅಂದೆ.

“ಸುಡಿ. ಬೀದಿಯೋರೆಲ್ಲ ಸೇರಿ ನಿಮ್ಮನ್ನೂ ಸುಡ್ತಾರೆ,” ಅಂದಳು ಸರಳಾ.

ಆಗ ನನ್ನ ಬುದ್ಧಿ ಚುರುಕಾಯಿತು. ಸುರುಳಿಯನ್ನು ಗೇಟಿನ ಹೊರಗಿಟ್ಟು, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ನೇತುಹಾಕಿದೆ: ‘ಹುಲ್ಲು ಉಚಿತ. ಬೇಕಾದವರು ಒಯ್ಯಬಹುದು.’ ಪ್ಲಾಸ್ಟಿಕ್ ಎಂದು ಬರೆದರೆ ಯಾರೂ ಬರುವುದಿಲ್ಲವೆಂಬ ದೂರದೃಷ್ಟಿ ನನ್ನದು!

ಬಂದರು. ಹೊಸಹಳ್ಳಿಯಲ್ಲಿ ಒಂದು ಹಸು ಕಟ್ಟಿಕೊಂಡು ಹಾಲು ಮಾರುವ ನಂಜಮ್ಮ. ಯಾರೋ ಓದಿ ಹೇಳಿದ್ದರಂತೆ. ಕುಡುಗೋಲು, ಗೋಣಿಚೀಲದ ಜೊತೆಗೆ ಹಸುವನ್ನೂ ಹಿಡಿದುಕೊಂಡು ಬಂದಿದ್ದರು. “ಹುಲ್ಲು ಎಲ್ಲಿ ಸ್ವಾಮಿ?” ಎಂದು ಅವರು ಕೇಳುವಷ್ಟರಲ್ಲಿ ಹಸುವಿಗೆ ಅದು ಸಿಕ್ಕಿಯಾಗಿತ್ತು.

ನಂಜಮ್ಮ ಅದರ ಬಾಯಿಗೆ ಕೈ ತೂರಿಸಿ ಒಂದು ಹಿಡಿ ಹಸಿರು ಎಳೆ ಈಚೆಗೆಳೆದರು. ಉಳಿದದ್ದು ಹೊಟ್ಟೆಗೆ ಹೋಗಿತ್ತು. ಕೈಯಲ್ಲಿದ್ದುದನ್ನು ಉಜ್ಜಿ ನೋಡಿ, “ಓದಿರೋರು ನೀವು,” ಅಂದರು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ದನದ ಡಾಕ್ಟರನ್ನು ನಾನೇ ಕರೆದುಕೊಂಡು ಹೋದೆ. “ಮೆಲುಕು ಹಾಕೋದು ನಿಲ್ಸಿದೆ. ಮತ್ತೆ ಶುರು ಮಾಡಿದ್ರೆ ಉಳೀತು ಅಂತ್ಲೇ,” ಎಂದರು ಅವರು. ದಿನಾ ಆಫೀಸಿಗೆ ಮುಂಚೆ ಹೋಗಿ ಹಸುವಿನ ದವಡೆಯನ್ನೇ ನೋಡುತ್ತ ಕೂರುತ್ತಿದ್ದೆ. ಹೆಣ್ಣು ನೋಡಲು ಹೋದಾಗಲೂ ಅಷ್ಟು ಗಮನವಿಟ್ಟು ಯಾರ ಮುಖವನ್ನೂ ನೋಡಿರಲಿಲ್ಲ. ಕರೆದ ಒಂದಿಷ್ಟು ಹಾಲನ್ನೂ ನಂಜಮ್ಮ ಮೋರಿಗೆ ಸುರಿಯುತ್ತಿದ್ದರು.

“ಮಕ್ಕಳು ಕುಡಿಯೋ ಹಾಲು ಸ್ವಾಮಿ. ಅದ್ರಲ್ಲಿ ಏನಿದ್ಯೋ ಏನೋ.”

ಸುರುಳಿಯನ್ನು ಬೀದಿಗಿಡುವಾಗ ನನಗೆ ಯಾರ ಮಕ್ಕಳ ಯೋಚನೆಯೂ ಬಂದಿರಲಿಲ್ಲ. ತುಂಬಾ ನಾಚಿಕೆಯಾಯಿತು.

ನಾಲ್ಕನೆಯ ದಿನ ಹಸು ಮೆಲುಕು ಹಾಕಿತು. ನನ್ನ ಕಣ್ಣಲ್ಲಿ ನೀರು ಬಂತು. ನಂಜಮ್ಮ ಒಳಗಿನಿಂದ ಕಾಗದದ ಪೊಟ್ಟಣವೊಂದನ್ನು ತಂದು ಕೈಗಿಟ್ಟರು. ಸಗಣಿಯಲ್ಲಿ ಸಿಕ್ಕಿದ ಎಳೆಗಳನ್ನೆಲ್ಲ ಆರಿಸಿ, ತೊಳೆದು ಕಟ್ಟಿದ್ದರು. ಬಣ್ಣ ಕೂಡ ಮಾಸಿರಲಿಲ್ಲ.

“ತಿಪ್ಪೆಗೆ ಹಾಕಿದ್ರೆ ಇನ್ನೊಂದು ಹಸು ತಿನ್ನುತ್ತೆ. ನೀವೇ ಇಟ್ಕೊಳ್ಳಿ.”

ಸುರುಳಿ ಮತ್ತೆ ಮಹಡಿ ಹತ್ತಿತು. ಪೊಟ್ಟಣವನ್ನು ಎಲ್ಲಿ ಎಸೆಯಬೇಕೆಂದು ಇವತ್ತಿಗೂ ತಿಳಿಯದೆ, ಬೀರುವಿನಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟಿನ ಪಕ್ಕ ಇಟ್ಟುಕೊಂಡಿದ್ದೇನೆ.